ಬೆಲ್ ಹೊಡೆಯುವ ಮೊದಲೇ ಬ್ಯಾಗ್ ಹಾಕಿಕೊಳ್ಳುವ ಹುಡುಗ

ಪ್ರಶ್ನೆ: ನಾನು ಎರಡನೇ ತರಗತಿಯ ಟೀಚರ್. ನನ್ನ ತರಗತಿಯಲ್ಲಿ ಏಳು ವರ್ಷದ ಒಬ್ಬ ಹುಡುಗನಿದ್ದಾನೆ. ಎರಡು ತಿಂಗಳ ಹಿಂದೆ ಅವನ ಅಪ್ಪ ಮನೆ ಬಿಟ್ಟು ಹೋದರು. ಅದಕ್ಕೂ ಮೊದಲು ಮನೆಯಲ್ಲಿ ದಿನಾ ಜಗಳ ನಡೆಯುತ್ತಿತ್ತಂತೆ. ಈಗ ತಾಯಿ, ಮಗ ಇಬ್ಬರೂ ಅಜ್ಜಿಯ ಮನೆಯಲ್ಲಿದ್ದಾರೆ. ಮೊದಲೆಲ್ಲ ವಟವಟ ಮಾತಾಡುತ್ತಿದ್ದವನು ಈಗ ಯಾರಾದರೂ ಹಿಂದಿನಿಂದ ತಾಗಿದರೆ ಸಾಕು, ತಿರುಗಿ ತಳ್ಳುತ್ತಾನೆ. ಬರೆದ ಹಾಳೆ ಹರಿದು ಹಾಕುತ್ತಾನೆ. ವಾರಕ್ಕೆ ಎರಡು ಮೂರು ದಿನ ಹೊಟ್ಟೆನೋವು ಅನ್ನುತ್ತಾನೆ. ಶಾಲೆ ಬಿಡಲು ಇನ್ನೂ ಕಾಲು ಗಂಟೆ ಇರುವಾಗಲೇ ಬ್ಯಾಗ್ ಹಾಕಿಕೊಂಡು ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಾನೆ. ಇದರ ಬಗ್ಗೆ ಅವನ ಹತ್ತಿರ ಮಾತಾಡಬೇಕೇ? ಮಾತಾಡಿದರೆ ಗಾಯ ಕೆದಕಿದಂತಾಗುತ್ತದೆಯೇ? ಗದರಿದರೆ ಪಾಪ ಅನ್ನಿಸುತ್ತದೆ, ಸುಮ್ಮನೆ ಬಿಟ್ಟರೆ ಉಳಿದ ಮಕ್ಕಳು ಪ್ರಶ್ನೆ ಮಾಡುತ್ತಾರೆ. ರಾತ್ರಿ ಮಲಗಿದಾಗಲೂ ಅವನದೇ ಯೋಚನೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಳ್ಳುವುದು, ಹರಿಯುವುದು, ಹೊಟ್ಟೆನೋವು, ಇವೆಲ್ಲ ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳ ಕಥೆಯಲ್ಲಿ ಇರುತ್ತವೆ. ನನ್ನ ಕಣ್ಣು ನಿಂತದ್ದು ಆ ಬ್ಯಾಗಿನ ಮೇಲೆ. ಬೆಲ್ ಹೊಡೆಯಲು ಇನ್ನೂ ಕಾಲು ಗಂಟೆ ಇದೆ, ಹುಡುಗ ಆಗಲೇ ಕಿಟಕಿ ಹತ್ತಿರ ಇದ್ದಾನೆ. ಏನು ನೋಡುತ್ತಿದ್ದಾನೆ? ಇವತ್ತು ಯಾರು ಬರ್ತಾರೆ, ಬರ್ತಾರೋ ಇಲ್ವೋ ಅಂತ ನೋಡುತ್ತಿದ್ದಾನೆ ಎಂದು ನನ್ನ ಊಹೆ. ಒಂದು ದಿನ ಅಪ್ಪ ಇದ್ದರು, ಮರುದಿನ ಇರಲಿಲ್ಲ. ಮಲಗುವ ಜಾಗ ಬದಲಾಯಿತು. ಬೆಳಿಗ್ಗೆ ಎಬ್ಬಿಸುವವರು ಬದಲಾದರು. ಇಷ್ಟೆಲ್ಲ ಅವನಿಗೆ ಹೇಳದೆ ಕೇಳದೆ ಆಗಿದೆ. ಸಂಜೆ ಕರೆದುಕೊಂಡು ಹೋಗಲು ಯಾರಾದರೂ ಬಂದೇ ಬರುತ್ತಾರೆ ಅಂತ ಅವನು ಯಾಕೆ ನಂಬಬೇಕು?

ಹಾಗಾಗಿ ಮೊದಲ ಕೆಲಸ ಅವನಿಂದ ಮಾತು ಹೊರಡಿಸುವುದಲ್ಲ. ಮುಂದೇನಾಗುತ್ತದೆ ಅಂತ ಅವನಿಗೆ ತಿಳಿಸುವುದು. ನಾಳೆಯಿಂದಲೇ ಶುರು ಮಾಡಬಹುದು. ಅಮ್ಮನೋ ಅಜ್ಜಿಯೋ ಬೆಳಿಗ್ಗೆ ಒಂದು ಚೀಟಿಯಲ್ಲಿ 'ಇವತ್ತು ಸಂಜೆ ಅಜ್ಜಿ ಬರ್ತಾರೆ' ಎಂದು ಬರೆದು ಬ್ಯಾಗಿನಲ್ಲಿ ಇಡಲಿ. ಅವನು ಬಂದ ಕೂಡಲೇ ಅದನ್ನು ನೀವಿಬ್ಬರೂ ಸೇರಿ ಓದಿ. ಮಧ್ಯಾಹ್ನ ಅವನು ಮತ್ತೆ ನೋಡಬೇಕೆಂದರೆ ನೋಡಲಿ. 'ಅಕಸ್ಮಾತ್ ಅಜ್ಜಿ ಬರುವುದು ತಡವಾದರೆ ನೀನು ನನ್ನ ಜೊತೆ ಆಫೀಸಿನಲ್ಲಿ ಕೂತಿರ್ತೀಯ, ನಾನು ಫೋನ್ ಮಾಡ್ತೀನಿ' ಎನ್ನುವುದನ್ನೂ ಹೇಳಿಬಿಡಿ. ತಡವಾದರೆ ಏನು ಅನ್ನುವ ಪ್ರಶ್ನೆ ಅವನ ತಲೆಯಲ್ಲಿ ಇದ್ದೇ ಇದೆ. ದೊಡ್ಡವರು ಅದರ ಮಾತೆತ್ತದಿದ್ದರೆ ಅವನು ಅದಕ್ಕೆ ತನ್ನದೇ ಉತ್ತರ ಕಟ್ಟಿಕೊಳ್ಳುತ್ತಾನೆ. ಆ ಉತ್ತರ ಯಾವಾಗಲೂ ನಿಜಕ್ಕಿಂತ ಭಯಂಕರವಾಗಿಯೇ ಇರುತ್ತದೆ.

ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಮನೋವಿಶ್ಲೇಷಕಿಯರು ಪುಟ್ಟ ಮಕ್ಕಳಿಗಾಗಿ ಅಲ್ಲಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುಮನೆಗಳನ್ನು ನಡೆಸಿದರು. ಬಾಂಬಿನ ಸದ್ದಿಗಿಂತ ಮನೆಯವರಿಂದ ದೂರವಾದದ್ದೇ ಎಷ್ಟೋ ಮಕ್ಕಳನ್ನು ಜಾಸ್ತಿ ಕುಗ್ಗಿಸಿದೆ ಎಂಬುದು ಅವರ ಗಮನಕ್ಕೆ ಬಂತು. ಆಗ ಅವರು ಮಕ್ಕಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬರನ್ನೇ ನೋಡಿಕೊಳ್ಳಲು ಬಿಟ್ಟರು. ಮಕ್ಕಳು ಆ ಒಬ್ಬರಿಗೆ ಬಲವಾಗಿ ಅಂಟಿಕೊಂಡರು. ಅದರ ಜೊತೆಗೆ ನಿಂತುಹೋಗಿದ್ದ ಮಾತು, ಆಟ, ಅಭ್ಯಾಸಗಳೂ ಮರಳಿದವು. ನಿಮ್ಮ ಶಾಲೆಯಲ್ಲೂ ಎಲ್ಲ ಟೀಚರುಗಳು ಸೇರಿ ಅವನನ್ನು ಮುದ್ದು ಮಾಡುವುದು ಬೇಡ. ದಿನಾ ಬೆಳಿಗ್ಗೆ ಒಬ್ಬರೇ, ಒಂದೇ ಜಾಗದಲ್ಲಿ ಅವನಿಗೆ ಸಿಗಲಿ. ಎರಡು ನಿಮಿಷ ಸಾಕು.

ಇನ್ನು ತಳ್ಳಾಟ. ಜಗಳದ ಮನೆಯಲ್ಲಿ ಬೆಳೆದ ಮಗುವಿನ ಕಿವಿ ಬೇರೆ ಥರ ಕೆಲಸ ಮಾಡುತ್ತದೆ. ಕುರ್ಚಿ ಎಳೆದ ಸದ್ದು, ಬಾಗಿಲು ಬಡಿದ ಸದ್ದು, ಏರಿದ ದನಿ, ಇವುಗಳ ಹಿಂದೆ ಏನು ಬರುತ್ತದೆ ಅಂತ ಅವನಿಗೆ ಗೊತ್ತು. ಮಿದುಳಿನೊಳಗೆ ಅಮಿಗ್ಡಲಾ ಎಂಬ ಸಣ್ಣ ಭಾಗ ಇದೆ. ಅಪಾಯದ ವಾಸನೆ ಬಂದ ಕೂಡಲೇ ಅದು ಕೂಗು ಹಾಕುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಬಿಗಿಯುತ್ತವೆ. 'ತಡಿ, ಇವನು ನನ್ನ ಗೆಳೆಯ, ತಿಳಿಯದೆ ತಾಗಿದ' ಅಂತ ಹೇಳಬೇಕಾದ್ದು ಹಣೆಯ ಹಿಂದಿನ ಭಾಗ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಏಳು ವರ್ಷದವನಲ್ಲಿ ಅದು ಮಾತಾಡುವಷ್ಟರಲ್ಲಿ ಕೈ ತಳ್ಳಿ ಆಗಿರುತ್ತದೆ. ಆಮೇಲೆ 'ಯಾಕೆ ತಳ್ಳಿದೆ?' ಅಂತ ಕೇಳಿದರೆ ಅವನು 'ಗೊತ್ತಿಲ್ಲ' ಅನ್ನುತ್ತಾನೆ. ಅದು ಉಡಾಫೆ ಅಲ್ಲ. ಅವನಿಗೆ ನಿಜಕ್ಕೂ ಗೊತ್ತಿಲ್ಲ.

ಇದು ತಿಳಿದ ಮೇಲೆ ಒಂದಷ್ಟು ಬದಲಾವಣೆ ತಾನಾಗಿಯೇ ಹೊಳೆಯುತ್ತದೆ. ಬೆನ್ನ ಹಿಂದೆ ಗೋಡೆ ಇರುವ, ಬಾಗಿಲು ಕಾಣುವ ಜಾಗದಲ್ಲಿ ಕೂರಿಸಿ. ಹಿಂದಿನಿಂದ ಹೋಗಿ ಭುಜ ಮುಟ್ಟಬೇಡಿ, ಎದುರಿನಿಂದ ಬನ್ನಿ. ಆಟದಿಂದ ಪಾಠಕ್ಕೆ, ಪಾಠದಿಂದ ಸಾಲಿಗೆ ಹೋಗುವ ಹೊತ್ತಿನಲ್ಲೇ ರಗಳೆ ಜಾಸ್ತಿ ಅಲ್ವಾ? ಐದು ನಿಮಿಷ ಮೊದಲೇ ಅವನಿಗೆ ಹೇಳಿ. ಬೇರೆ ಟೀಚರ್ ಬರುವ ದಿನವಂತೂ ಹಿಂದಿನ ದಿನವೇ ಹೇಳಿ. ಅವನು ಕೆರಳಿದಾಗ ಉಪದೇಶ ಬೇಡ. ಆ ಹೊತ್ತಿನಲ್ಲಿ ಅವನಿಗೆ ನಿಮ್ಮ ಮಾತಿಗಿಂತ ನಿಮ್ಮ ದನಿ ಕೇಳಿಸುತ್ತದೆ. ತಗ್ಗಿದ ದನಿ, ಕಡಿಮೆ ಮಾತು. ಮೈ ತಣ್ಣಗಾಗಲಿ, ಆಮೇಲೆ ಮಾತು.

ಗದರಿದರೆ ಪಾಪ ಅನ್ನಿಸುತ್ತದೆ ಅಂದಿರಿ. ಹಾಗಾದರೆ ಶಿಸ್ತು ಬಿಡಬೇಕೇ? ಬೇಡವೇ ಬೇಡ. ಮನೆಯ ನಿಯಮಗಳೆಲ್ಲ ಕುಸಿದಿರುವಾಗ ಶಾಲೆಯ ನಿಯಮವೂ ಸಡಿಲವಾದರೆ ಅವನು ಎಲ್ಲಿಗೆ ಒರಗಬೇಕು? 'ತಳ್ಳುವ ಹಾಗಿಲ್ಲ' ಎನ್ನುವುದು ಎಲ್ಲರಿಗೂ ಒಂದೇ. ಬದಲಾಗಬೇಕಾದ್ದು ನಿಯಮ ಮುರಿದ ಮೇಲೆ ಏನಾಗುತ್ತದೆ ಎಂಬುದು. ತರಗತಿಯಿಂದ ಹೊರಗೆ ನಿಲ್ಲಿಸುವ ಶಿಕ್ಷೆಯನ್ನಂತೂ ಕೊಡಬೇಡಿ. ತನ್ನವರೊಬ್ಬರು ಬಾಗಿಲು ದಾಟಿ ಹೋಗಿ ವಾಪಸ್ ಬಾರದಿರುವುದನ್ನು ಕಂಡ ಮಗುವಿಗೆ, ಬಾಗಿಲ ಹೊರಗೆ ನಿಲ್ಲುವುದು ಬೇರೆ ಮಕ್ಕಳಿಗೆ ಆದಂತೆ ಆಗುವುದಿಲ್ಲ. 'ಬಾ, ನನ್ನ ಪಕ್ಕ ಕೂತ್ಕೋ' ಅನ್ನಿ. ಸಮಾಧಾನವಾದ ಮೇಲೆ ತಳ್ಳಿಸಿಕೊಂಡ ಹುಡುಗನಿಗೆ ಏನಾದರೂ ಸಹಾಯ ಮಾಡಲಿ. ಚೆಲ್ಲಿದ ಪೆನ್ಸಿಲ್ ಎತ್ತಿಕೊಡಲಿ, ನೀರು ತಂದುಕೊಡಲಿ. ಬಾಯಿಪಾಠದ 'ಸಾರಿ'ಗಿಂತ ಅದು ಮೇಲು. ಉಳಿದ ಮಕ್ಕಳು 'ಅವನಿಗೆ ಮಾತ್ರ ಯಾಕೆ?' ಅಂದರೆ, 'ಯಾರಿಗೆ ಯಾವಾಗ ಏನು ಬೇಕೋ ಅದನ್ನು ಕೊಡ್ತೀನಿ, ನಿನಗೆ ಬೇಕಾದಾಗ ನಿನಗೂ' ಅನ್ನಿ. ಮಕ್ಕಳು ಇದನ್ನು ನಾವು ಅಂದುಕೊಂಡದ್ದಕ್ಕಿಂತ ಬೇಗ ಒಪ್ಪುತ್ತಾರೆ. ಒಪ್ಪದವರು ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರು! ಆದರೆ ತಳ್ಳಿಸಿಕೊಂಡ ಹುಡುಗನ ಮನೆಯವರು ಬಂದು ಕೇಳಿದರೂ, ಇವನ ಮನೆಯ ವಿಷಯ ನಿಮ್ಮ ಬಾಯಿಂದ ಹೊರಗೆ ಬರಬಾರದು.

ಹಾಳೆ ಹರಿಯುವುದಕ್ಕೂ ಒಂದು ಮಾತು. ಚಿಂತೆ ತುಂಬಿದ ತಲೆಯಲ್ಲಿ ಪಾಠಕ್ಕೆ ಜಾಗ ಕಡಿಮೆ. ಮೂರು ಸೂಚನೆ ಒಟ್ಟಿಗೆ ಕೊಟ್ಟರೆ ಮೊದಲನೆಯದು ಮಾತ್ರ ನಿಲ್ಲುತ್ತದೆ. ಹಾಗಂತ ಪಾಪ ಅಂತ ಕೆಲಸವನ್ನೇ ಕೊಡದಿದ್ದರೆ ತನ್ನ ಕೈಲಾಗುವುದಿಲ್ಲ ಎಂದು ಅವನು ನಿರ್ಧರಿಸಿಬಿಡುತ್ತಾನೆ. ಪುಟದ ಬದಲು ನಾಲ್ಕು ಸಾಲು ಕೊಡಿ. ಮುಗಿಸಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮಾತಾಡಬೇಕೇ? ಕೂರಿಸಿಕೊಂಡು 'ಮನೆಯಲ್ಲಿ ಏನಾಯ್ತು, ಹೇಳು' ಅಂತ ಕೇಳಬೇಡಿ. ದುಃಖವನ್ನು ಒಂದೇ ಸಲ ಹೊರಗೆ ಹಾಕಿಸಿದರೆ ಹಗುರಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಆದರೆ ದುರಂತವಾದ ತಕ್ಷಣ ಜನರನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅನ್ನುತ್ತದೆ. ಹಾಗಂತ ಏನೂ ಆಗಿಲ್ಲವೆಂಬಂತೆ ಇರುವುದೂ ತಪ್ಪು. ಮಗುವಿಗೆ ಅದು 'ಇದು ಮಾತಾಡಬಾರದ ವಿಷಯ' ಅಂತ ಕೇಳಿಸುತ್ತದೆ. ನಡುವೆ ಒಂದು ದಾರಿ ಇದೆ. 'ಮನೆಯಲ್ಲಿ ತುಂಬಾ ಬದಲಾಗಿದೆ ಅಂತ ನನಗೆ ಗೊತ್ತು. ನಿನಗೆ ಹೇಳಬೇಕು ಅನ್ನಿಸಿದರೆ ನಾನು ಕೇಳ್ತೀನಿ. ಹೇಳದೇ ಇದ್ದರೂ ಪರವಾಗಿಲ್ಲ.' ಇಷ್ಟು ಹೇಳಿ ಬೇರೆ ಕೆಲಸ ನೋಡಿ. ಉತ್ತರಕ್ಕೆ ಕಾಯುತ್ತ ಅವನ ಮುಖ ನೋಡಬೇಡಿ. ಈ ವಯಸ್ಸಿನವರು ಎದುರು ಕೂತು ಮಾತಾಡುವವರಲ್ಲ. ಪುಸ್ತಕ ಜೋಡಿಸುವಾಗ, ಬೋರ್ಡ್ ಒರೆಸುವಾಗ, ನಿಮ್ಮ ಪಕ್ಕ ನಡೆಯುವಾಗ ಒಂದು ಸಾಲು ಬೀಳುತ್ತದೆ. ಆ ಸಾಲನ್ನು ಹಿಡಿದು ಎಳೆಯಬೇಡಿ. 'ಹೌದಾ, ಕಷ್ಟ ಆಗಿರಬೇಕು' ಅಂದರೆ ಸಾಕು. ಎರಡನೇ ಸಾಲು ನಾಳೆ ಬರುತ್ತದೆ. ಒಂದು ತಿಂಗಳಾದ ಮೇಲೂ ಬರಬಹುದು.

ಮಾತಿಗಿಂತ ಮೊದಲು ಆಟದಲ್ಲಿ ಬರುವುದೂ ಉಂಟು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲಾ ಎಂಬ ಊರಲ್ಲಿ ಒಂದು ಬಸ್ಸಿನ 26 ಮಕ್ಕಳನ್ನೂ ಡ್ರೈವರನ್ನೂ ಅಪಹರಿಸಿ, ನೆಲದಡಿ ಹೂತಿಟ್ಟ ವಾಹನದೊಳಗೆ ಕೂಡಿಹಾಕಿದ್ದರು. ಎಲ್ಲರೂ ಜೀವಂತ ಹೊರಬಂದರು. ಮನೋವೈದ್ಯೆ ಲೆನೋರ್ ಟೆರ್ ಆ ಮಕ್ಕಳನ್ನು ಅದೇ ಮೊದಲ ವರ್ಷದಲ್ಲಿ ಭೇಟಿಯಾದರು, ನಾಲ್ಕೈದು ವರ್ಷ ಬಿಟ್ಟು ಮತ್ತೆ ಭೇಟಿಯಾದರು. ಕೆಲವು ಮಕ್ಕಳು ಅದೇ ಘಟನೆಯನ್ನು ಮತ್ತೆ ಮತ್ತೆ ಆಡುತ್ತಿದ್ದರು. ಆ ಆಟದಲ್ಲಿ ಖುಷಿ ಇರಲಿಲ್ಲ, ಬಿಡುಗಡೆಯೂ ಇರಲಿಲ್ಲ. ನೀವು ಗಮನಿಸಬೇಕಾದ್ದು ಇದನ್ನೇ. ನಿಮ್ಮ ಹುಡುಗ ಗೊಂಬೆ ಮನೆಯಲ್ಲಿ ಜಗಳ ಆಡಿಸಿದರೆ ಆಡಿಸಲಿ, ತಡೆಯಬೇಡಿ. ದಿನ ಕಳೆದಂತೆ ಕಥೆ ಬದಲಾಗುತ್ತಾ, ಯಾರಾದರೂ ಸಹಾಯಕ್ಕೆ ಬರುತ್ತಾರಾ ನೋಡಿ. ಬಂದರೆ ಒಳ್ಳೆಯದು. ವಾರಗಟ್ಟಲೆ ಅದೇ ಆಟ, ಅದೇ ಕೊನೆ, ಮುಖದಲ್ಲಿ ನಗುವಿಲ್ಲ ಅಂದರೆ ಬರೆದಿಟ್ಟುಕೊಳ್ಳಿ, ತಜ್ಞರಿಗೆ ಹೇಳಲು ಬೇಕಾಗುತ್ತದೆ. ಆದರೆ ದಯವಿಟ್ಟು ಅವನ ಚಿತ್ರ ನೋಡಿ ಜ್ಯೋತಿಷ್ಯ ಹೇಳಬೇಡಿ. ಕಪ್ಪು ಬಣ್ಣ ಬಳಿದ ಅಂದರೆ ಒಳಗೆ ಕತ್ತಲೆ ಇದೆ ಅಂತಲ್ಲ. ಕೆಲವೊಮ್ಮೆ ಡಬ್ಬಿಯಲ್ಲಿ ಉಳಿದದ್ದು ಅದೊಂದೇ ಕ್ರೇಯಾನ್.

ಒಂದು ವಿಷಯ ಮಾತ್ರ ಅವನು ಕೇಳದಿದ್ದರೂ ಹೇಳಬೇಕು. ಈ ವಯಸ್ಸಿನ ಮಕ್ಕಳು ಲೋಕವೆಲ್ಲ ತಮ್ಮ ಸುತ್ತಲೇ ತಿರುಗುತ್ತದೆ ಅಂದುಕೊಂಡಿರುತ್ತಾರೆ. ತಮ್ಮ ಯೋಚನೆಯಿಂದ ಹೊರಗೆ ಏನೋ ನಡೆದುಬಿಡುತ್ತದೆ ಅಂತಲೂ ನಂಬುತ್ತಾರೆ. ಏಳರ ಸುಮಾರಿಗೆ ಇದು ಕರಗತೊಡಗುತ್ತದೆ ಎಂದು ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಬಹಳ ಹಿಂದೆಯೇ ಬರೆದರು. ಆದರೆ ಭಯವಾದಾಗ ದೊಡ್ಡ ಮಕ್ಕಳೂ ಅಲ್ಲಿಗೇ ಮರಳುವುದನ್ನು ನಾನು ನೋಡಿದ್ದೇನೆ. ನನ್ನ ಹತ್ತಿರ ಬಂದ ಒಬ್ಬ ಪುಟ್ಟ ಹುಡುಗಿ ಪಿಸುದನಿಯಲ್ಲೇ ಮಾತಾಡುತ್ತಿದ್ದಳು. ಗಂಟಲು ಪರೀಕ್ಷೆ ಎಲ್ಲ ಆಗಿತ್ತು. ತಿಂಗಳಾದ ಮೇಲೆ ತಿಳಿಯಿತು, ಅಮ್ಮ ಮನೆ ಬಿಟ್ಟ ದಿನ ಅವಳು ಆಟಿಕೆಗಾಗಿ ಕಿರುಚಿದ್ದಳು. ಜೋರಾಗಿ ಕಿರುಚಿದ್ದಕ್ಕೇ ಅಮ್ಮ ಹೋದಳು ಎಂದು ಅವಳ ಲೆಕ್ಕ. ಯಾರೂ ಅವಳನ್ನು ಬೈದಿರಲಿಲ್ಲ. ನಿನ್ನ ತಪ್ಪಲ್ಲ ಅಂತಲೂ ಯಾರೂ ಹೇಳಿರಲಿಲ್ಲ. 'ದೊಡ್ಡವರ ಜಗಳ ದೊಡ್ಡವರದ್ದು. ನೀನು ಮಾಡಿದ್ದರಿಂದ, ಹೇಳಿದ್ದರಿಂದ, ಅಂದುಕೊಂಡದ್ದರಿಂದ ಆದದ್ದಲ್ಲ. ಸರಿ ಮಾಡುವ ಕೆಲಸವೂ ನಿನ್ನದಲ್ಲ.' ಇದನ್ನು ಅಮ್ಮ ಹೇಳಿದರೆ ಒಳ್ಳೆಯದು, ನೀವೂ ಹೇಳಬಹುದು. ಒಂದು ಸಲ ಹೇಳಿದರೆ ಸಾಲದು. (ಅಪ್ಪ ಅಮ್ಮ ತೀರಿಕೊಂಡ ಮಕ್ಕಳ ವಿಷಯದಲ್ಲೂ ಇದೇ ಮಾತು. ಅಲ್ಲಿ 'ಮಲಗಿದ್ದಾರೆ', 'ಊರಿಗೆ ಹೋಗಿದ್ದಾರೆ' ಎನ್ನಬೇಡಿ. ಮಗು ಮಲಗಲು ಹೆದರುತ್ತದೆ, ಇಲ್ಲವೇ ಬಸ್ಸಿಗೆ ಕಾಯುತ್ತದೆ.)

ತರಗತಿಯ ಚಟುವಟಿಕೆಗಳನ್ನೂ ಒಮ್ಮೆ ನೋಡಿಕೊಳ್ಳಿ. 'ನನ್ನ ಕುಟುಂಬ' ಎಂಬ ಪಾಠ, ಅಪ್ಪನಿಗೆ ಕಾರ್ಡ್ ಮಾಡುವ ದಿನ, ಎಲ್ಲರ ಮನೆ ಫೋಟೊ ತರಿಸುವ ಪ್ರಾಜೆಕ್ಟ್. ಇವನ್ನು ಕೈಬಿಡಬೇಕಿಲ್ಲ. 'ನನ್ನನ್ನು ನೋಡಿಕೊಳ್ಳುವವರು' ಅಂತ ಬಾಗಿಲು ಸ್ವಲ್ಪ ಅಗಲ ಮಾಡಿದರೆ ಆಯಿತು. ಆ ದಿನ ಬರುವುದಿದೆ ಎಂದು ಅವನಿಗೆ ಮೊದಲೇ ತಿಳಿಸಿ.

ಅಮ್ಮನ ಹತ್ತಿರ ಮಾತಾಡುವುದು ಬಹುಶಃ ಇದೆಲ್ಲಕ್ಕಿಂತ ಕಷ್ಟ. ಶಾಲೆಯಿಂದ ಫೋನ್ ಬಂದರೆ ಅದು ದೂರೇ ಎಂದು ಅವರು ಈಗಾಗಲೇ ತಿಳಿದಿರುತ್ತಾರೆ. ಮೊದಲ ಫೋನಿನಲ್ಲಿ ದೂರು ಬೇಡ. ಅವನು ಚೆನ್ನಾಗಿ ಮಾಡಿದ ಒಂದನ್ನು ಹೇಳಿ, ಚೀಟಿಯ ವಿಷಯ ಕೇಳಿ, ಇಟ್ಟುಬಿಡಿ. ಎರಡನೇ ಸಲ ನಿದ್ದೆ ಹೇಗಿದೆ, ಹೊಟ್ಟೆನೋವಿಗೆ ಡಾಕ್ಟರಿಗೆ ತೋರಿಸಿದ್ದೀರಾ ಅಂತ ಕೇಳಿ. ಹೊಟ್ಟೆನೋವು ನಾಟಕವಲ್ಲ. ಚಿಂತೆಯಿಂದ ಬಂದ ನೋವೂ ನೋವೇ, ಆದರೆ ಬೇರೆ ಕಾರಣ ಇಲ್ಲ ಅಂತ ಮೊದಲು ಡಾಕ್ಟರ್ ನೋಡಬೇಕು. ಅಪ್ಪನ ಬಗ್ಗೆ ಅವನಿಗೆ ಮನೆಯಲ್ಲಿ ಏನು ಹೇಳಿದ್ದಾರೆ ಎಂದೂ ತಿಳಿದುಕೊಳ್ಳಿ, ಶಾಲೆಯಲ್ಲಿ ಬೇರೆ ಕಥೆ ಹೇಳಿದಂತಾಗಬಾರದು. ಯಾರು ಸರಿ, ಯಾರು ತಪ್ಪು ಎಂಬ ಪಂಚಾಯಿತಿಗೆ ಮಾತ್ರ ಕೂರಬೇಡಿ. ಗಂಡ ಹೆಂಡತಿ ಬೇರೆಯಾದರು ಎಂಬುದಕ್ಕಿಂತ, ನಿಲ್ಲದ ಜಗಳವೇ ಮಕ್ಕಳಲ್ಲಿ ಇಂಥ ನಡವಳಿಕೆಯ ಜೊತೆ ಹೆಚ್ಚು ಹೆಣೆದುಕೊಂಡಿರುತ್ತದೆ ಎಂದು ಬ್ರಿಟನ್ನಿನ ಮಕ್ಕಳ ಮನೋವೈದ್ಯ ಮೈಕೆಲ್ ರಟರ್ 1970ರ ದಶಕದಲ್ಲೇ ತೋರಿಸಿದ್ದರು. ಅಂದರೆ ಅಪ್ಪ ಬೇರೆ ಇದ್ದಾರೆ ಎಂಬುದಕ್ಕಿಂತ, ಅಪ್ಪ ಅಮ್ಮ ಈಗಲೂ ಫೋನಿನಲ್ಲಿ ಕೂಗಾಡುತ್ತಾರಾ, 'ಅಪ್ಪನಿಗೆ ಹೀಗೆ ಹೇಳು' ಅಂತ ಹುಡುಗನ ಕೈಲಿ ಸುದ್ದಿ ಕಳಿಸುತ್ತಾರಾ ಎಂಬುದು ಮುಖ್ಯ. ಕೊನೆಯದಾಗಿ, ಮಗುವನ್ನು ಕರೆದುಕೊಂಡು ಹೋಗಲು ಯಾರಿಗೆ ಅನುಮತಿ ಇದೆ ಎಂಬುದು ಶಾಲೆಯಲ್ಲಿ ಬರಹದಲ್ಲಿರಲಿ. ಬಾಯಿಮಾತು ಸಾಲದು.

ಇಷ್ಟೆಲ್ಲ ಮಾಡಿಯೂ ನಿಮ್ಮ ಕೈಮೀರುವ ಸಂದರ್ಭಗಳಿವೆ. ತಿಂಗಳು ದಾಟಿದರೂ ಕೆಟ್ಟ ಕನಸು, ನಿದ್ದೆಯಿಲ್ಲ, ಬೆಚ್ಚಿಬೀಳುವುದು ಕಡಿಮೆಯಾಗುತ್ತಿಲ್ಲ. ಎಂದೋ ಬಿಟ್ಟಿದ್ದ ಬಟ್ಟೆ ಒದ್ದೆಯಾಗುವುದು ಮತ್ತೆ ಶುರುವಾಗಿ ನಿಲ್ಲುತ್ತಿಲ್ಲ. ಸಾಯುವ ಮಾತಾಡುತ್ತಾನೆ. ಆಗ ಮಕ್ಕಳ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ನೋಡಲೇಬೇಕು. ನಿಮ್ಮ ಹುಡುಗನಿಗೆ ಎರಡು ತಿಂಗಳಾಗಿದೆ. ಹಾಗಾಗಿ ನಿದ್ದೆಯ ಬಗ್ಗೆ ಅಮ್ಮ ಏನು ಹೇಳುತ್ತಾರೆ ಎಂಬುದರ ಮೇಲೆ ಇದನ್ನು ಬೇಗ ನಿರ್ಧರಿಸಿ. ಆಘಾತಕ್ಕೊಳಗಾದ ಮಕ್ಕಳಿಗೆಂದೇ ಜುಡಿತ್ ಕೋಹೆನ್, ಆಂಥೊನಿ ಮನ್ನಾರಿನೊ, ಎಸ್ತರ್ ಡೆಬ್ಲಿಂಗರ್ ರೂಪಿಸಿದ ಒಂದು ಚಿಕಿತ್ಸೆ ಇದೆ. ಸಾಮಾನ್ಯವಾಗಿ 12ರಿಂದ 16 ಭೇಟಿಗಳು. ಮಗುವಿನ ಜೊತೆ ನೋಡಿಕೊಳ್ಳುವವರೂ ಅದರಲ್ಲಿ ಸೇರುತ್ತಾರೆ. ಮನೆಯವರನ್ನು ಹೊರಗೆ ಕೂರಿಸಿ ಮಗುವನ್ನಷ್ಟೇ ರಿಪೇರಿ ಮಾಡುವ ಕೆಲಸ ಇದಲ್ಲ.

ಮನೆಯಲ್ಲಿ ಯಾರೋ ಹೊಡೆಯುತ್ತಾರೆ, ಮುಟ್ಟಬಾರದ ಕಡೆ ಮುಟ್ಟುತ್ತಾರೆ ಅಂತ ಅವನು ಹೇಳಿದರೆ ದಾರಿ ಬೇರೆ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ. 'ಹೇಳಿದ್ದು ಒಳ್ಳೆಯದಾಯ್ತು, ನಿನ್ನ ತಪ್ಪಿಲ್ಲ, ನಿನಗೆ ಸಹಾಯ ಮಾಡುವವರಿಗೆ ನಾನು ಹೇಳಬೇಕಾಗುತ್ತೆ' ಅನ್ನಿ. ಹೆಚ್ಚಿಗೆ ಪ್ರಶ್ನೆ ಬೇಡ, ತನಿಖೆ ನಿಮ್ಮ ಕೆಲಸವಲ್ಲ. ಅವನ ಮಾತುಗಳನ್ನು ಅವನು ಹೇಳಿದ ಹಾಗೆಯೇ ಬರೆದು, ಅವತ್ತೇ ಮುಖ್ಯೋಪಾಧ್ಯಾಯರಿಗೂ ಮಕ್ಕಳ ರಕ್ಷಣೆಯ ಹೊಣೆ ಇರುವವರಿಗೂ ತಿಳಿಸಿ.

ಈಚೆಗೆ ಕೆಲವು ಶಾಲೆಗಳಲ್ಲಿ ಮಗುವಿಗೆ ಎಷ್ಟು ಬಗೆಯ ಕಷ್ಟ ಆಗಿದೆ ಎಂದು ಎಣಿಸಿ ಅಂಕ ಕೊಡುವ ಹಾಳೆ ಓಡಾಡುತ್ತದೆ. ಅದರ ಮೂಲ 1998ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ. ಬಾಲ್ಯದ ಕಷ್ಟಗಳಿಗೂ ದೊಡ್ಡವರಾದ ಮೇಲಿನ ಕಾಯಿಲೆಗಳಿಗೂ ಇರುವ ನಂಟನ್ನು ಅದು ಸಾವಿರಾರು ವಯಸ್ಕರಲ್ಲಿ ನೋಡಿತು. ಒಬ್ಬ ಹುಡುಗನ ಭವಿಷ್ಯ ಹೇಳಲು ಅದನ್ನು ಮಾಡಿದ್ದಲ್ಲ. ನಿಮ್ಮ ಕೈಗೆ ಬಂದರೆ ಪಕ್ಕಕ್ಕಿಡಿ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಜಗಳ, ಅಪ್ಪ ಅಮ್ಮನ ಕಾಯಿಲೆ ಹೀಗೆ ನಾಲ್ಕಾರು ಕಷ್ಟ ಒಟ್ಟಿಗಿದ್ದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದರು. ಅವರ ಬದುಕಿನಲ್ಲಿ ಗಟ್ಟಿಯಾಗಿ ನಿಂತ ಒಬ್ಬ ದೊಡ್ಡವರಾದರೂ ಇದ್ದರು. ಅಜ್ಜಿ, ಚಿಕ್ಕಮ್ಮ, ನೆರೆಯವರು. ಎಷ್ಟೋ ಸಲ ಟೀಚರ್.

ರಾತ್ರಿಯೂ ಅವನದೇ ಯೋಚನೆ ಅಂದಿರಿ. ಇದನ್ನು ಒಬ್ಬರೇ ಹೊರಬೇಡಿ. ನಿಮ್ಮ ಮಾತು ಹೊರಗೆ ಹೋಗದಂಥ ಒಬ್ಬ ಸಹೋದ್ಯೋಗಿ ಇರಲಿ. ನೀವು ರಜೆ ಹಾಕಿದ ದಿನ ಬಾಗಿಲಲ್ಲಿ ಚೀಟಿ ಓದುವವರು ಯಾರು ಅಂತ ಈಗಲೇ ಗೊತ್ತು ಮಾಡಿ, ಅವನಿಗೂ ಪರಿಚಯಿಸಿ. ಅವನ ಹಾಗೆಯೇ ಕಷ್ಟದಲ್ಲಿದ್ದು ತಳ್ಳದೆ, ಹರಿಯದೆ, ಗಪ್‌ಚಿಪ್ಪಾಗಿ ಒಳ್ಳೆಯವರಾಗಿರುವ ಮಕ್ಕಳೂ ನಿಮ್ಮ ತರಗತಿಯಲ್ಲಿ ಇರಬಹುದು. ನನಗೆ ಅವರ ಚಿಂತೆಯೇ ಜಾಸ್ತಿ, ಯಾಕೆಂದರೆ ಅವರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಬ್ಬ ಹುಡುಗನಿಗೆ 'ನಾನು ಯಾವಾಗಲೂ ಇರ್ತೀನಿ' ಅಂದಿದ್ದೆ. ಎಂಟು ತಿಂಗಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಹೊರಟೆ. ಹೋಗುವ ದಿನ ಅವನು ಅಳಲಿಲ್ಲ. 'ಗೊತ್ತಿತ್ತು' ಅಂದ. ನಿಮಗೂ ವರ್ಷದ ಕೊನೆ ಬರುತ್ತದೆ, ಅವನು ಮೂರನೇ ತರಗತಿಗೆ ಹೋಗುತ್ತಾನೆ. ಆ ದಿನವನ್ನು ಮುಚ್ಚಿಡಬೇಡಿ. ಒಂದು ತಿಂಗಳು ಮೊದಲೇ ಕ್ಯಾಲೆಂಡರಿನಲ್ಲಿ ತೋರಿಸಿ. ಮುಂದಿನ ಟೀಚರ್ ಹತ್ತಿರ ಅವನ ಕೈಲೇ ಏನಾದರೂ ಕಳಿಸುತ್ತಿರಿ. ಒಂದು ಪುಸ್ತಕ, ಒಂದು ಚಾಕ್‌ಪೀಸ್ ಡಬ್ಬಿ. ಆ ಕೋಣೆಯಲ್ಲಿ ಅವನು ಎಲ್ಲಿ ಕೂರುತ್ತಾನೆ, ಅಲ್ಲಿಂದ ಬಾಗಿಲು ಕಾಣುತ್ತದಾ ಅಂತ ಇಬ್ಬರೂ ಒಮ್ಮೆ ಹೋಗಿ ನೋಡಿ ಬನ್ನಿ.